5.56 ಬಿಟ್ಟು 7.62ಕ್ಕೆ ಮರಳಿದ್ದು ಸರಿಯೇ? ಮಾಮಾ ಒಂದು ಮಾತು, ಅಳಿಯ ಒಂದು ಮಾತು

ನಮ್ಮ ಸೇನೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇನ್ಸಾಸ್ ರೈಫಲ್ ಹೊತ್ತಿದೆ. ಅದರ ಗುಂಡಿನ ಅಗಲ 5.56 ಮಿ.ಮೀ. 2019ರಿಂದ ಈಚೆಗೆ ಅದರ ಜಾಗಕ್ಕೆ ಎರಡು ಹೊಸ ರೈಫಲ್ ಬರುತ್ತಿವೆ, ಸಿಗ್ 716 ಮತ್ತು ಎಕೆ-203. ಎರಡೂ 7.62. ಈ ಬದಲಾವಣೆ ಸರಿಯೇ ಎಂದು ಬೆಳಗಾವಿ ಜಿಲ್ಲೆಯ ಒಂದೇ ಮನೆತನದ ಇಬ್ಬರು ಮಾಜಿ ಸೈನಿಕರು ಬರೆದಿದ್ದಾರೆ. ಮೊದಲನೆಯವರು ಮಾಮಾ, 2011ರಲ್ಲಿ ನಿವೃತ್ತರಾದ ಹವಾಲ್ದಾರರು. ಎರಡನೆಯವನು ಅವರ ಅಕ್ಕನ ಮಗ, ಈಚೆಗೆ ಪೆನ್ಷನ್ ಬಂದವನು.

ಪರ: ಒಂದು ಗುಂಡಿಗೆ ಕೆಲಸ ಮುಗಿಯಬೇಕು

ನಮ್ಮಪ್ಪ 1971ರ ಯುದ್ಧದಲ್ಲಿ ಎಸ್‌ಎಲ್‌ಆರ್ ಎಂಬ 7.62 ರೈಫಲ್ ಹಿಡಿದವರು. ಊರು ಸೇರಿದ ಮೇಲೆ ಅವರ ಮಾತು ಮೂರೇ ಇದ್ದವು, ಕಬ್ಬು, ಎತ್ತು, ಎಸ್‌ಎಲ್‌ಆರ್. "ಭುಜಕ್ಕೆ ಒದೀತಿತ್ತು, ಆದರೆ ಕೈ ಬಿಡಲಿಲ್ಲ" ಅನ್ನುತ್ತಿದ್ದರು. 1994ರಲ್ಲಿ ನಾನು ಭರ್ತಿಯಾದಾಗ ನನ್ನ ಕೈಗೂ ಮೊದಲು ಬಂದದ್ದು ಅದೇ ಎಸ್‌ಎಲ್‌ಆರ್. ಆಮೇಲೆ ಇನ್ಸಾಸ್ ಬಂತು. ಕಾಶ್ಮೀರದಲ್ಲಿ ಇದ್ದಷ್ಟು ದಿನ ಎಕೆ. ಮೂರೂ ಥರದ ಗುಂಡು ಹೊಡೆದು ಬಂದವನು ನಾನು. ಅದಕ್ಕೇ ಈ ವಿಷಯ ಬಂದಾಗ ಸುಮ್ನೆ ಕೂರಲು ಆಗುವುದಿಲ್ಲ.

ಸೇನೆ 7.62ಕ್ಕೆ ಮರಳಿದ್ದು ಸರಿ. ತಡವಾಯಿತಲ್ಲ ಎನ್ನುವುದೊಂದೇ ನನ್ನ ಬೇಸರ.

ಸ್ವಲ್ಪ ಹಿಂದಕ್ಕೆ ಹೋಗೋಣ. 1962ರಲ್ಲಿ ನಮ್ಮವರು ಚೀನಾ ಗಡಿಗೆ ಒಯ್ದದ್ದು ಲೀ-ಎನ್‌ಫೀಲ್ಡ್, ನಮ್ಮ ಕಡೆ ಹಳಬರು ಇವತ್ತಿಗೂ ತ್ರೀ ನಾಟ್ ತ್ರೀ ಎನ್ನುವ ಬಂದೂಕು. ಅದರ ಗುಂಡಿನ ತೂಕ 11 ಗ್ರಾಂ ದಾಟುತ್ತಿತ್ತು. ಹೊಡೆತ ಗಟ್ಟಿ. ತೊಂದರೆ ಇದ್ದದ್ದು ಬೇರೆ ಕಡೆ. ಒಂದೊಂದು ಗುಂಡಿಗೂ ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಮತ್ತೆ ಗುರಿ ಹಿಡಿಯಬೇಕು. ಎದುರಿನವರ ಕೈಯಲ್ಲಿ ಆಗಲೇ ತಾನಾಗಿಯೇ ಗುಂಡು ತುಂಬಿಕೊಳ್ಳುವ ಬಂದೂಕುಗಳಿದ್ದವು. ಆ ಯುದ್ಧದ ನಂತರ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್ ಪಲ್ಟಣಗಳಿಗೆ ಬಂತು. ಬೆಲ್ಜಿಯಂನ ಎಫ್‌ಎನ್ ಫಾಲ್ ಅದರ ಮೂಲ. 20 ಗುಂಡಿನ ಮ್ಯಾಗಜೀನ್, ಟ್ರಿಗರ್ ಒತ್ತಿದಷ್ಟು ಸಲ ಗುಂಡು. ಆಗ ನಮ್ಮ ಹಿರಿಯರು ಬಂದೂಕಿನ ಚುರುಕು ಹೆಚ್ಚಿಸಿದರು, ಗುಂಡಿನ ಬಲವನ್ನು ಉಳಿಸಿಕೊಂಡರು. ಇದನ್ನು ಗಮನಿಸಬೇಕು.

ಗುಂಡಿನ ಬಲ ಅಂದರೆ ಅದರ ತೂಕವೂ ವೇಗವೂ ಸೇರಿದ ಲೆಕ್ಕ. ಎಸ್‌ಎಲ್‌ಆರ್‌ಗೂ ಈಗಿನ ಸಿಗ್ 716ಕ್ಕೂ ಹಾಕುವ ಕಾಡತೂಸು, ಅಂದರೆ ಗುಂಡು, ಮದ್ದು, ಕವಚ ಎಲ್ಲ ಸೇರಿದ್ದು, 7.62×51. ಅದರ ಗುಂಡು ಸುಮಾರು ಒಂಬತ್ತೂವರೆ ಗ್ರಾಂ, ನಳಿಕೆಯಿಂದ ಹೊರಬೀಳುವಾಗ ಸೆಕೆಂಡಿಗೆ ಹೆಚ್ಚು ಕಮ್ಮಿ 840 ಮೀಟರ್ ವೇಗ, ಬಲ 3,300 ಜೂಲ್ ಆಸುಪಾಸು. ಇನ್ಸಾಸ್‌ನ 5.56 ಗುಂಡು 4 ಗ್ರಾಂ. ಅದು ಇನ್ನೂ ಜೋರಾಗಿ ಹೋಗುತ್ತೆ, 900 ಮೀಟರ್ ದಾಟುತ್ತೆ. ಆದರೂ ಬಲ 1,700 ಜೂಲ್ ಹತ್ತಿರ, ಅಂದರೆ ಅರ್ಧ. ಎಕೆಯ ಗುಂಡು 8 ಗ್ರಾಂ, ವೇಗ 715, ಬಲ 2,000 ಜೂಲ್. ಈ ಲೆಕ್ಕ ನಾನು ಆಮೇಲೆ ಕಲಿತದ್ದು. ಆದರೆ ಗುಂಡು ಹೊಡೆದು ಕಲಿಯುವ ಚಾಂದಮಾರಿ ಮೈದಾನದಲ್ಲಿ ಕಟ್ಟಿಗೆಯ ದಿಮ್ಮಿಗೆ, ಮರಳಿನ ಚೀಲಕ್ಕೆ ಹೊಡೆದು ನೋಡಿದವನಿಗೆ ಲೆಕ್ಕ ಬೇಕಾಗಿಲ್ಲ, ಕಣ್ಣಿಗೇ ಕಾಣುತ್ತೆ.

ಕಾಶ್ಮೀರದ ಮಾತಿಗೆ ಬರುತ್ತೇನೆ. ಅಲ್ಲಿನ ಹಳ್ಳಿ ಮನೆಗಳು ಇಟ್ಟಿಗೆ, ಮಣ್ಣು, ದಪ್ಪ ಕಟ್ಟಿಗೆಯವು. ಒಳಗೆ ಅವಿತವನು ಬಾಗಿಲ ಚೌಕಟ್ಟಿನ ಹಿಂದೆಯೋ ಮೆಟ್ಟಿಲಿನ ಕೆಳಗೋ ಇರುತ್ತಾನೆ. ದೂರ ಎಷ್ಟು? ಇಪ್ಪತ್ತು ಹೆಜ್ಜೆ, ಕೆಲವೊಮ್ಮೆ ಐದೇ ಹೆಜ್ಜೆ. ಅವನು ಸಾಯಲಿಕ್ಕೆ ಸಿದ್ಧನಾಗಿ ಬಂದವನು. ಗುಂಡು ತಗುಲಿದ ಮೇಲೂ ಅವನು ಎರಡು ಸೆಕೆಂಡ್ ನಿಂತರೆ ಆ ಎರಡು ಸೆಕೆಂಡಿನಲ್ಲಿ ನಮ್ಮ ಹುಡುಗನ ಜೀವ ಹೋಗುತ್ತದೆ. ಇದನ್ನು ಬರೆಯಲು ನನಗೆ ಖುಷಿಯಿಲ್ಲ. ಆದರೆ ಆ ಮನೆಯ ಮುಂದೆ ನಿಂತವನಿಗೆ ಬೇಕಾದ್ದು ಒಂದೇ, ತಾನು ಬಿಟ್ಟ ಗುಂಡು ಕಟ್ಟಿಗೆ ದಾಟಿ ಹೋಗಬೇಕು, ಹೋಗಿ ಅವನನ್ನು ನಿಲ್ಲಿಸಬೇಕು. ಇನ್ಸಾಸ್ ಬಂದ ಮೇಲೂ ಉಗ್ರರ ಬೆನ್ನು ಹತ್ತುವ ಪಡೆಗಳು ಎಕೆಯನ್ನೇ ಕೈಗೆತ್ತಿಕೊಂಡದ್ದು ಸುಮ್ನೆ ಅಲ್ಲ. ಜವಾನನ ಆಯ್ಕೆಗಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ?

ಇನ್ನು ಗಡಿ ರೇಖೆ. ಅಲ್ಲಿ ನಮ್ಮ ಠಾಣೆ ಒಂದು ಗುಡ್ಡದ ಮೇಲೆ, ಅವರದು ಎದುರಿನ ಗುಡ್ಡದ ಮೇಲೆ, ನಡುವೆ ಆಳದ ಕಣಿವೆ. ಗೋಕಾಕ ಫಾಲ್ಸ್‌ನ ತೂಗುಸೇತುವೆ ಸುಮಾರು 200 ಮೀಟರ್ ಉದ್ದ. ಅದರ ಮೇಲೆ ನಡೆದವರಿಗೆ ಕಣಿವೆಯ ಗಾಳಿ ಹೇಗೆ ಮೈಯನ್ನು ಪಕ್ಕಕ್ಕೆ ದೂಡುತ್ತದೆ ಎಂದು ಗೊತ್ತು. ಅಂಥ ಮೂರು ಸೇತುವೆಯಷ್ಟು ದೂರಕ್ಕೆ ಗುಂಡು ಹೋಗಬೇಕು, ಅದಕ್ಕಿಂತ ಜೋರಾದ ಗಾಳಿಯಲ್ಲಿ. 4 ಗ್ರಾಂ ಗುಂಡನ್ನು ಆ ಗಾಳಿ ಹೆಚ್ಚು ಸರಿಸುತ್ತದೆ, ಒಂಬತ್ತೂವರೆ ಗ್ರಾಂ ಗುಂಡನ್ನು ಕಮ್ಮಿ. ಮುಟ್ಟುವ ಹೊತ್ತಿಗೆ ಹಗುರ ಗುಂಡಿನಲ್ಲಿ ಉಳಿಯುವ ಬಲವೂ ಕಮ್ಮಿ. ಎದುರಿನ ಪಾಕಿಸ್ತಾನಿ ಸೈನಿಕನ ಹತ್ತಿರ ಏನಿದೆ? ಜರ್ಮನಿಯಿಂದ ಪರವಾನಗಿ ತಂದು ತಮ್ಮ ವಾಹ್ ಕಾರ್ಖಾನೆಯಲ್ಲಿ ಮಾಡಿಕೊಂಡ ಜಿ-3. ಅದೂ 7.62×51. ಅವರು ಅದನ್ನು ಬಿಡಲಿಲ್ಲ. ನಾವು ಬಿಟ್ಟೆವು.

ಬಿಟ್ಟು ಹಿಡಿದದ್ದಾದರೂ ಏನು? ಇನ್ಸಾಸ್ ನಮ್ಮದೇ, ಪುಣೆಯಲ್ಲಿ ರೂಪಿಸಿದ್ದು. ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆದರೆ 1999ರಲ್ಲಿ ಕಾರ್ಗಿಲ್‌ನ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ಸುದ್ದಿ ಪೇಪರಿನಲ್ಲೇ ಬಂತು. ಮುಂದೆ ತಿದ್ದಿದರು, ನಿಜ. ಒಮ್ಮೆ ಮುರಿದ ನಂಬಿಕೆ ಮಾತ್ರ ಕೂಡಲಿಲ್ಲ.

ಈಗಿನ ಏರ್ಪಾಡು ನನಗೆ ಸರಿ ಕಾಣುವುದು ಅದರಲ್ಲಿ ಎರಡು ಬಗೆ ಇರುವುದರಿಂದ. ಗಡಿಯಲ್ಲಿ ದೂರಕ್ಕೆ ಹೊಡೆಯುವವನಿಗೆ ಸಿಗ್. 2019ರಲ್ಲಿ 72,400 ತರಿಸಿದರು, 2024ರಲ್ಲಿ ಇನ್ನೂ 73,000ಕ್ಕೆ ಆರ್ಡರ್ ಕೊಟ್ಟರು. ಮಿಕ್ಕವರಿಗೆ ಎಕೆ-203. ಅದಕ್ಕೆ ರಷ್ಯಾ ಜೊತೆ 2021ರ ಡಿಸೆಂಬರಿನಲ್ಲಿ ಕರಾರಾಗಿ, ಉತ್ತರ ಪ್ರದೇಶದ ಅಮೇಠಿ ಹತ್ತಿರದ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ತಯಾರಾಗಬೇಕು. ಇನ್ನೊಂದು ಅನುಕೂಲವಿದೆ. ನಮ್ಮ ಎಂಎಂಜಿ (ಮಧ್ಯಮ ಮಷೀನ್‌ಗನ್) ಮೊದಲೇ 7.62×51. ಇಸ್ರೇಲ್‌ನಿಂದ 16,479 ನೆಗೆವ್ ಎಲ್‌ಎಂಜಿಗೆ (ಹಗುರ ಮಷೀನ್‌ಗನ್) 2020ರಲ್ಲಿ ಕರಾರಾಯಿತು, ಅದೂ 7.62×51. ಅಂದರೆ ರಾತ್ರಿ ಹೊತ್ತು ಠಾಣೆಯಲ್ಲಿ ಗುಂಡು ಕಮ್ಮಿಯಾದರೆ ಎಲ್‌ಎಂಜಿಯ ಬೆಲ್ಟ್ ಬಿಚ್ಚಿ ರೈಫಲ್‌ಗೆ ತುಂಬಿಕೊಳ್ಳಬಹುದು. ಇದು ಆಫೀಸಿನಲ್ಲಿ ಕೂತವರಿಗೆ ಸಣ್ಣ ಮಾತು. ಹಿಮದಲ್ಲಿ ಕೂತವನಿಗೆ ಸಣ್ಣದಲ್ಲ.

5.56 ಅನ್ನು ಜಗತ್ತಿಗೇ ಕಲಿಸಿದ ಅಮೆರಿಕದವರೂ 2022ರಲ್ಲಿ 6.8 ಮಿ.ಮೀ. ರೈಫಲ್ ಆರಿಸಿಕೊಂಡರು. ಅಫ್ಘಾನಿಸ್ತಾನದ ಗುಡ್ಡಗಳಲ್ಲಿ ಹಗುರ ಗುಂಡು ದೂರಕ್ಕೆ ಸಾಲುವುದಿಲ್ಲ ಎಂಬ ದೂರು ಅವರಲ್ಲೂ ಎದ್ದಿತ್ತು. ಎದೆಗೆ ಗಟ್ಟಿ ಕವಚ ತೊಟ್ಟ ಶತ್ರು ಮುಂದೆ ಸಿಗುತ್ತಾನೆ ಎಂಬ ಲೆಕ್ಕವೂ ಅದರ ಹಿಂದಿದೆ.

ತೂಕ ಜಾಸ್ತಿ ಅಂತ ಅಳಿಯ ಖಂಡಿತ ಹೇಳುತ್ತಾನೆ, ಗೊತ್ತು. ಹೌದು, ಜಾಸ್ತಿ. ಎಸ್‌ಎಲ್‌ಆರ್ ಒಂದು ಮೀಟರಿಗಿಂತ ಉದ್ದ, ನಾಲ್ಕು ಕೆ.ಜಿ. ದಾಟುವ ತೂಕ. ಅದನ್ನು ಹೊತ್ತು ಓಡಿ ಓಡಿಯೇ ನಮಗೆ ಗುಂಡಿನ ಬೆಲೆ ಗೊತ್ತಾಯಿತು. ಇಪ್ಪತ್ತೇ ಇವೆ ಅಂತ ಗೊತ್ತಿದ್ದವನು ಇಪ್ಪತ್ತನ್ನೂ ನೋಡಿ ಹೊಡೆಯುತ್ತಾನೆ. ಇನ್ಸಾಸ್‌ನಲ್ಲಿ ಒಮ್ಮೆ ಒತ್ತಿದರೆ ಮೂರು ಗುಂಡು ಹೋಗುವ ವ್ಯವಸ್ಥೆ ಇತ್ತು. ಹುಡುಗರು ಅದನ್ನೇ ನೆಚ್ಚಿಕೊಂಡು ಗುರಿ ಹಿಡಿಯುವುದನ್ನು ಸಡಿಲ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಭಾರ ಹೊರುವುದನ್ನು ಕಲಿಸಬಹುದು. ಗುಂಡಿನಲ್ಲೇ ಇಲ್ಲದ ಬಲವನ್ನು ಯಾವ ಉಸ್ತಾದನೂ ಕಲಿಸಿ ತುಂಬಲಾರ.

ವಿರೋಧ: ತಪ್ಪು ಬಂದೂಕಿನದು, ಗುಂಡಿನದಲ್ಲ

ಮಾಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಅಜ್ಜನ ಮಾತು ಬಂದ ಕಡೆ ನಿಂತು ನಿಂತು ಓದಿದೆ. ಆ ಮನೆಗಳ ಮುಂದೆ ನಿಂತವರು ನೀವು, ಅದರ ಬಗ್ಗೆ ನಿಮಗೆ ಪಾಠ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಸರ್ವಿಸಿನ ಕೊನೆಯ ಕೆಲವು ವರ್ಷ ನಾನು ಮಾಡಿದ ಕೆಲಸ ಹೊಸ ಹುಡುಗರಿಗೆ ಹಥಿಯಾರ್ ಕಲಿಸುವುದು. ಆ ಕಡೆಯಿಂದ ನೋಡಿದಾಗ ನನಗೆ ಬೇರೆಯದೇ ಕಾಣುತ್ತದೆ.

ಮೊದಲು ಈ '7.62' ಅನ್ನುವ ಹೆಸರನ್ನೇ ಬಿಡಿಸಿ ಇಡುತ್ತೇನೆ, ಏಕೆಂದರೆ ಅರ್ಧ ಗೊಂದಲ ಇಲ್ಲೇ ಇದೆ. 7.62 ಅಂದರೆ ಇಂಚಿನ ಹತ್ತು ಭಾಗದಲ್ಲಿ ಮೂರು ಭಾಗ, ನಳಿಕೆಯ ಒಳಗಿನ ಅಗಲ. ಅಷ್ಟೇ. ಅದರಾಚೆ ಸಿಗ್‌ನ ಕಾಡತೂಸಿಗೂ ಎಕೆಯ ಕಾಡತೂಸಿಗೂ ಏನೂ ಸಂಬಂಧವಿಲ್ಲ. ಒಂದರ ಖೋಕಾ, ಅಂದರೆ ಮದ್ದು ತುಂಬುವ ಕವಚ, 51 ಮಿ.ಮೀ. ಉದ್ದ, ಇನ್ನೊಂದರದು 39. ಗುಂಡಿನ ದಪ್ಪವೂ ಕೂದಲೆಳೆಯಷ್ಟು ಬೇರೆ. ಒಂದನ್ನು ಇನ್ನೊಂದಕ್ಕೆ ಹಾಕಲಿಕ್ಕೇ ಆಗುವುದಿಲ್ಲ. ಆದ್ದರಿಂದ ಸೇನೆ '7.62ಕ್ಕೆ ಮರಳಿತು' ಎನ್ನುವುದೇ ಪೂರ್ತಿ ಸರಿಯಲ್ಲ. ಒಂದೂವರೆ ಲಕ್ಷದ ಹತ್ತಿರ ಸಿಗ್ ಬಂದರೆ, ಎಕೆ-203 ಆರು ಲಕ್ಷ ದಾಟುತ್ತೆ. ಅಂದರೆ ಬಹುಪಾಲು ಜವಾನರ ಕೈಗೆ ಬರುವುದು ಅಜ್ಜನ ಗುಂಡಲ್ಲ. ಅದು 39ರ ಗುಂಡು.

ಈಗ ನಿಮ್ಮ ಮೂರು ಸೇತುವೆಯ ದೂರಕ್ಕೆ ಬನ್ನಿ. ಎಕೆಯ ಗುಂಡು ಹೊರಬೀಳುವುದೇ 715 ಮೀಟರ್ ವೇಗದಲ್ಲಿ ಎಂದು ನೀವೇ ಬರೆದಿದ್ದೀರಿ. ನಿಧಾನದ ಗುಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಹೆಚ್ಚು ಕೆಳಗೆ ಬೀಳುತ್ತದೆ. 400 ಮೀಟರಿನಲ್ಲಿ ಅದು 5.56ಕ್ಕಿಂತ ಬಹಳ ಕೆಳಗೆ ಹೋಗಿರುತ್ತದೆ. ದೂರವನ್ನು ಐವತ್ತು ಮೀಟರ್ ತಪ್ಪು ಅಂದಾಜು ಮಾಡಿದರೂ 5.56 ಕ್ಷಮಿಸುತ್ತದೆ, ಎಕೆ ಕ್ಷಮಿಸುವುದಿಲ್ಲ. ಕಣಿವೆಯ ಆಚೆಗೆ ಹೊಡೆಯಲಿಕ್ಕೆ 5.56 ಸಾಲದು ಎನ್ನುವುದಾದರೆ, ಅದರ ಬದಲಿಗೆ ಬರುತ್ತಿರುವ ಆರು ಲಕ್ಷ ರೈಫಲ್‌ಗಳು ಅದಕ್ಕಿಂತ ಕಮ್ಮಿ ದೂರದವು ಎಂಬುದನ್ನೂ ಹೇಳಬೇಕಲ್ವಾ? ಸಿಗ್ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಠಾಣೆಯಲ್ಲಿ ಕೂತು ದೂರಕ್ಕೆ ಹೊಡೆಯುವ ಒಬ್ಬಿಬ್ಬರಿಗೆ ಅದು ಒಳ್ಳೆಯ ಹಥಿಯಾರ್. ಒಬ್ಬಿಬ್ಬರಿಗೆ.

ಎತ್ತರದ ಮಾತು ನೀವು ಆಡಲಿಲ್ಲ. ಟೈಗರ್ ಹಿಲ್ 5,000 ಮೀಟರಿಗಿಂತ ಎತ್ತರ. ಅಲ್ಲಿನ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ಸುಮಾರು ಶೇ 40ರಷ್ಟು ತೆಳು. ನಮಗೆ ಉಸಿರು ಕಟ್ಟುವುದು ಅದಕ್ಕೇ. ಗುಂಡಿಗೆ ಮಾತ್ರ ಅದು ಅನುಕೂಲ, ತಡೆಯುವ ಗಾಳಿ ಕಮ್ಮಿ, ವೇಗ ಬೇಗ ಇಳಿಯುವುದಿಲ್ಲ. ಬಯಲಿನಲ್ಲಿ ಬೇಗ ಸೋಲುವ ಹಗುರ ಗುಂಡು ಅಲ್ಲಿ ಇನ್ನೂ ದೂರ ಗಟ್ಟಿಯಾಗಿರುತ್ತದೆ. ತೂಕದ ಗುಂಡೂ ಅಲ್ಲಿ ದೂರ ಹೋಗುತ್ತದೆ, ಆ ಮಾತು ಬೇರೆ. ಆದರೆ ಗುಡ್ಡದ ಮೇಲೆ 5.56 ಕೆಲಸಕ್ಕೇ ಬಾರದು ಎನ್ನುವುದು ತಪ್ಪು.

ಕಾರ್ಗಿಲ್‌ನಲ್ಲಿ ಬಿರುಕು ಬಿಟ್ಟದ್ದು ಮ್ಯಾಗಜೀನ್, ಮಾಮಾ. ಕಾಡತೂಸು ಅಲ್ಲ. ಎತ್ತಿನಗಾಡಿಯ ಅಚ್ಚು ಮುರಿದರೆ ಎತ್ತು ಮಾರುತ್ತಾರಾ? ಇದೇ 5.56 ಗುಂಡನ್ನು ಅಮೆರಿಕದ ಎಂ4, ಇಸ್ರೇಲ್‌ನ ಟಾವೋರ್ ಹೊಡೆಯುತ್ತವೆ. ಆ ಟಾವೋರ್ ಹಿಡಿದವರು ನಮ್ಮದೇ ಪ್ಯಾರಾ ಕಮಾಂಡೊಗಳು. ದೇಶದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸಕ್ಕೆ ಹೋಗುವವರು, ಬೇಕಾದ್ದನ್ನು ಆರಿಸಿಕೊಳ್ಳುವ ಅವಕಾಶ ಇದ್ದವರು. ಅವರೂ 5.56 ಹಿಡಿದು ಉಗ್ರರ ಬೆನ್ನು ಹತ್ತಿದ್ದಾರೆ. ಜವಾನನ ಆಯ್ಕೆಯೇ ಸರ್ಟಿಫಿಕೇಟ್ ಎಂದಿರಿ. ಈ ಸರ್ಟಿಫಿಕೇಟನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಕಾಲದವರು ಇನ್ಸಾಸ್ ಬಿಟ್ಟು ಎಕೆ ಎತ್ತಿಕೊಂಡದ್ದು ಎಕೆಯ ಗುಂಡಿಗಾಗಿ ಎಷ್ಟೋ, ಮಣ್ಣು ನೀರು ಏನೇ ಬಿದ್ದರೂ ಅದು ನಿಲ್ಲುವುದಿಲ್ಲ, ಒತ್ತಿದರೆ ಮೂವತ್ತೂ ಹೋಗುತ್ತವೆ ಎಂಬ ನಂಬಿಕೆಗೂ ಅಷ್ಟೇ. ಅದು ಬಂದೂಕಿನ ಗುಣ.

ಗುಂಡು ಸಣ್ಣದಾಯಿತು ಎನ್ನುವ ದೂರು ಹೊಸದೂ ಅಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತರಲ್ಲ, ಅದೇ ವರ್ಷ ಉತ್ತರದಲ್ಲಿ ಸಿಪಾಯಿಗಳು ಕೊಬ್ಬು ಸವರಿದ ಕಾಡತೂಸು ಕಚ್ಚುವುದಿಲ್ಲ ಎಂದು ತಿರುಗಿಬಿದ್ದರು. ಆ ಎನ್‌ಫೀಲ್ಡ್ ಬಂದೂಕಿನ ನಳಿಕೆ .577 ಇಂಚು, ಅಂದರೆ ಹದಿನಾಲ್ಕೂವರೆ ಮಿ.ಮೀ.ಗೂ ಅಗಲ. ಬಾರು ತುಂಬಿ ಒಂದು ಗುಂಡು ಹೊಡೆಯುವುದರಲ್ಲೇ ಹೊತ್ತು ಹೋಗುತ್ತಿತ್ತು. 1871ರ ಮಾರ್ಟಿನಿ-ಹೆನ್ರಿಯಲ್ಲಿ ಅದು .450ಕ್ಕೆ ಇಳಿಯಿತು. ಹೊಗೆ ಬಾರದ ಮದ್ದು ಬಂದ ಮೇಲೆ ವೇಗ ಏರಿತು, ಗುಂಡು ಇನ್ನೂ ಸಣ್ಣದಾಗಿ .303 ಆಯಿತು. ಆಗ ಏನಾಯಿತು ಗೊತ್ತಾ? 1895ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲ್ ಕಡೆ ಹೋದ ಪಡೆಯವರು, ಈ ಸಣ್ಣ ಗುಂಡು ಪಠಾಣರನ್ನು ನಿಲ್ಲಿಸುವುದಿಲ್ಲ ಎಂದು ದೂರು ತಂದರು! ಅದಕ್ಕೇ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಮೂತಿ ತೆರೆದ ಗುಂಡು ಮಾಡಿದರು, ದೇಹದೊಳಗೆ ಅರಳುವಂಥದ್ದು. ಅಂಥ ಗುಂಡು ಯುದ್ಧದಲ್ಲಿ ಬೇಡ ಎಂದು 1899ರಲ್ಲಿ ಹೇಗ್‌ನಲ್ಲಿ ಒಪ್ಪಂದವೇ ಆಯಿತು. ಅಂದರೆ ನೀವು ಗಟ್ಟಿ ಹೊಡೆತದ್ದು ಎಂದು ಮೆಚ್ಚುವ ಅದೇ ತ್ರೀ ನಾಟ್ ತ್ರೀಯನ್ನು ಅದರ ಕಾಲದವರು 'ಸಣ್ಣದು, ಸಾಲದು' ಎಂದಿದ್ದರು.

ಗುಂಡು ಸಣ್ಣದಾದದ್ದು ಯಾರದೋ ಹುಚ್ಚಿನಿಂದಲೂ ಅಲ್ಲ. 1952ರಲ್ಲಿ ಅಮೆರಿಕದವರು ತಮ್ಮ ಸೈನಿಕರ ರೈಫಲ್ ಗುಂಡು ನಿಜಕ್ಕೂ ಎಷ್ಟು ದೂರದಲ್ಲಿ ತಗಲುತ್ತದೆ ಎಂದು ಅಧ್ಯಯನ ಮಾಡಿದರು. ಹೆಚ್ಚಿನವು 300 ಗಜದ ಒಳಗೇ. ಬ್ರಿಟಿಷರು ಅದೇ ಹೊತ್ತಿಗೆ .280 ಇಂಚಿನ ಒಂದು ನಡುಗಾತ್ರದ ಕಾಡತೂಸು ಮಾಡಿಟ್ಟಿದ್ದರು. ಅಮೆರಿಕದ ಸೇನೆ ಒಪ್ಪಲಿಲ್ಲ, ಗಟ್ಟಿ 7.62×51 ಬೇಕೇ ಬೇಕು ಎಂದು ಹಟ ಹಿಡಿಯಿತು, 1954ರಲ್ಲಿ ಅಮೆರಿಕ, ಯುರೋಪಿನ ಸೇನಾ ಕೂಟ ನೇಟೊಗೆಲ್ಲ ಅದೇ ಆಯಿತು. ಹಟ ಹಿಡಿದವರೇ ಹತ್ತು ಹನ್ನೆರಡು ವರ್ಷದಲ್ಲಿ ವಿಯೆಟ್ನಾಂನ ಕಾಡಿನಲ್ಲಿ 5.56ಕ್ಕೆ ಇಳಿದರು. ರಷ್ಯನ್ನರೂ 1974ರಲ್ಲಿ ಎಕೆಗೆ 5.45ರ ಸಣ್ಣ ಗುಂಡು ತಂದರು. ಚೀನಾದ್ದು 5.8. ಎಲ್ಲರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ಸೇರಿದರು.

ಏಕೆ ಸೇರಿದರು ಎಂಬುದಕ್ಕೆ ತಕ್ಕಡಿ ಸಾಕು. 5.56ರ ಒಂದು ಕಾಡತೂಸು ಸುಮಾರು 12 ಗ್ರಾಂ. 7.62×51 ಸುಮಾರು 24. ಇನ್ನೂರು ಕಾಡತೂಸು ಹೊತ್ತರೆ ಒಂದು ಎರಡು ಕೆ.ಜಿ. ನಾನೂರು ಗ್ರಾಂ, ಇನ್ನೊಂದು ಐದು ಕೆ.ಜಿ.ಗೆ ಸ್ವಲ್ಪ ಕಮ್ಮಿ. ಮ್ಯಾಗಜೀನಿನ ತೂಕ ಬೇರೆ. ಎರಡೂವರೆ ಕೆ.ಜಿ. ಏನು ಮಹಾ ಎನ್ನಬಹುದು. ಎಲ್ಲಮ್ಮನ ಗುಡ್ಡ ಹತ್ತುವಾಗ ಹೆಗಲ ಮೇಲೆ ಮಗು ಇದ್ದರೂ ನಾವು ಹತ್ತುತ್ತೇವೆ. ಆದರೆ ಜವಾನನ ಬೆನ್ನ ಮೇಲೆ ಆಗಲೇ ನೀರು, ಊಟ, ಗ್ರೆನೇಡು, ರೇಡಿಯೊ, ಎದೆಗೆ ಬುಲೆಟ್ ಪ್ರೂಫ್ ಜಾಕೆಟ್ ಇರುತ್ತದೆ. ಅವನು ಹತ್ತುವುದು ಉಸಿರೇ ಸಾಲದ ಜಾಗದಲ್ಲಿ. ಹೆಚ್ಚಿನ ಎರಡೂವರೆ ಕೆ.ಜಿ. ಹೊರುವುದಿಲ್ಲ ಎಂದಾದರೆ ಅವನು ಅರ್ಧ ಗುಂಡು ಬಿಟ್ಟು ಹೋಗಬೇಕು. ಅಮೆರಿಕದ ಹೊಸ 6.8 ರೈಫಲ್ ಉದಾಹರಣೆ ಕೊಟ್ಟಿರಲ್ಲ, ಅಲ್ಲಿ ಆಗಿರುವುದೂ ಇದೇ. ಎಂ4 ಹೊತ್ತ ಸೈನಿಕ ಮೂವತ್ತರ ಏಳು ಮ್ಯಾಗಜೀನ್ ಒಯ್ಯುತ್ತಿದ್ದ, 210 ಗುಂಡು. ಹೊಸದರಲ್ಲಿ ಇಪ್ಪತ್ತರ ಏಳು, 140. ಎಪ್ಪತ್ತು ಗುಂಡು ಕೈ ಬಿಟ್ಟುಹೋಯಿತು.

ಇನ್ನು ಕಲಿಸುವ ಮಾತು. ನಮ್ಮ ಕಡೆಯಿಂದ, ಖಾನಾಪುರ, ಹುಕ್ಕೇರಿ, ಜಮಖಂಡಿ, ಸಿಂದಗಿಯಿಂದ ಭರ್ತಿಗೆ ಬರುವ ಹುಡುಗರು ಗಟ್ಟಿ, ಆದರೆ ತೆಳು. ಹದಿನೆಂಟು ಹತ್ತೊಂಬತ್ತು ವಯಸ್ಸು. 7.62×51 ರೈಫಲ್ ಭುಜಕ್ಕೆ ಒದೆಯುವುದು 5.56ರ ಎರಡು ಪಟ್ಟಿಗೂ ಜಾಸ್ತಿ. ಹೊಸಬ ಮೊದಲ ದಿನ ಹತ್ತು ಗುಂಡು ಹೊಡೆದ ಮೇಲೆ ಹನ್ನೊಂದನೆಯದಕ್ಕೆ ಕಣ್ಣು ಮುಚ್ಚುತ್ತಾನೆ. ಒದೆತ ಬರುವ ಮುಂಚೆಯೇ ಭುಜ ಬಿಗಿಯುತ್ತಾನೆ, ಟ್ರಿಗರ್ ಜಗ್ಗುತ್ತಾನೆ, ಗುಂಡು ಕೆಳಗೆ ಹೋಗುತ್ತದೆ. ಆ ಭಯ ಬಿಡಿಸಲು ವಾರಗಟ್ಟಲೆ ಬೇಕು. ಅದೇ ಹುಡುಗನಿಗೆ 5.56 ಕೊಟ್ಟರೆ ಮೂರನೇ ದಿನಕ್ಕೆ ಗುಂಡುಗಳು ಗುರಿಯ ಮೇಲೆ ಒಂದೇ ಕಡೆ ಗುಂಪಾಗಿ ಬೀಳುತ್ತವೆ. ನಾನು ಕಣ್ಣಾರೆ ನೋಡಿದ್ದು ಇದು. 3,300 ಜೂಲ್ ಪಕ್ಕದ ಕಲ್ಲಿಗೆ ಬಿದ್ದರೆ ಏನು ಬಂತು, 1,700 ಜೂಲ್ ಎದೆಗೆ ಬಿದ್ದರೆ ಸಾಕಲ್ವಾ? ಮೂರು ಗುಂಡಿನ ಬರ್ಸ್ಟ್ ನೆಚ್ಚಿಕೊಂಡು ಹುಡುಗರು ಗುರಿ ಸಡಿಲ ಬಿಟ್ಟರು ಎಂದಿರಿ. ಅದು ನಿಜ. ಅದು ಕಲಿಸಿದ ನಮ್ಮ ತಪ್ಪು, ನನ್ನದೂ ಸೇರಿ.

ಕಟ್ಟಿಗೆ ಗೋಡೆ ದಾಟುವ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮಣ್ಣಿನ ಗೋಡೆ, ದಪ್ಪ ದಿಮ್ಮಿಗೆ ತೂಕದ ಗುಂಡೇ ಮೇಲು. ಆದರೆ ಹಿಂದೆ ಯಾರಿದ್ದಾರೆ ಎಂದು ಕಾಣದ ಗೋಡೆ ದಾಟುವ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದೂ ಒಂದು ಪ್ರಶ್ನೆ. ಆ ಹಳ್ಳಿಗಳಲ್ಲಿ ಪಕ್ಕದ ಮನೆಯಲ್ಲಿ ಮಕ್ಕಳಿರುತ್ತಾರೆ.

ಎಲ್‌ಎಂಜಿ ಬೆಲ್ಟ್ ಬಿಚ್ಚಿ ತುಂಬಿಕೊಳ್ಳುವುದು ಸಿಗ್ ಹಿಡಿದವನಿಗೆ ಮಾತ್ರ ಆಗುತ್ತದೆ. ಪಕ್ಕದಲ್ಲಿ ಎಕೆ-203 ಹಿಡಿದವನಿಗೆ ಆಗುವುದಿಲ್ಲ. ಇನ್ನೂ ಇನ್ಸಾಸ್ ಹಿಡಿದವನಿಗೂ ಆಗುವುದಿಲ್ಲ. ಮೊದಲು ಆಯುಧ ಇಡುವ ಕೋತ್‌ನಲ್ಲಿ ಒಂದು ಲೆಕ್ಕ ಇಟ್ಟ ಕಡೆ ಈಗ ಮೂರು ಲೆಕ್ಕ. ಹೆಸರು ಒಂದೇ ಇರುವ ಎರಡು ಬೇರೆ ಪೆಟ್ಟಿಗೆ ಕತ್ತಲಲ್ಲಿ ಗುಡ್ಡದ ಮೇಲೆ ಅದಲು ಬದಲಾದರೆ ಏನು ಗತಿ ಎಂದು ಯೋಚಿಸಿ. ಇಷ್ಟರ ಮೇಲೆ ಸೇನೆ 4.25 ಲಕ್ಷ ಕಾರ್ಬೈನ್‌ಗೆ (ಗಿಡ್ಡ ಬಂದೂಕು) ಟೆಂಡರ್ ಕರೆದಾಗ ಕೇಳಿದ ಗುಂಡು ಯಾವುದು? 5.56×45. ಹತ್ತಿರದ ಕಾದಾಟಕ್ಕೆಂದೇ ಕೇಳಿದ ಬಂದೂಕು ಅದು, ನೀವು ಹೇಳಿದ ಐದು ಹೆಜ್ಜೆ, ಇಪ್ಪತ್ತು ಹೆಜ್ಜೆಯ ಕೆಲಸಕ್ಕೆ. ಅಲ್ಲಿ ಸಾಲುವ ಗುಂಡು ರೈಫಲ್‌ನಲ್ಲಿ ಏಕೆ ಸಾಲದು?

ವಿಜಯಪುರದ ಶೆರ್ಜಾ ಬುರುಜಿಗೆ, ಮಲಿಕ್-ಎ-ಮೈದಾನ್ ನೋಡಲಿಕ್ಕೆ ಚಿಕ್ಕವನಿದ್ದಾಗ ನೀವೇ ನನ್ನನ್ನು ಕರೆದುಕೊಂಡು ಹೋಗಿದ್ದಿರಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ನಿನ ತೋಪು. ಅದರ ಬಾಯೊಳಗೆ ತಲೆ ಹಾಕಿ ನಾನು ಕೂಗಿದ್ದೆ. ಇಷ್ಟು ಭಾರದ್ದನ್ನು ಯುದ್ಧಕ್ಕೆ ಹೇಗೆ ಒಯ್ಯುತ್ತಿದ್ದರು ಎಂದು ಕೇಳಿದ್ದಕ್ಕೆ, ನೂರಾರು ಎತ್ತು, ಆನೆ ಬೇಕಾಗುತ್ತಿತ್ತಂತೆ ಎಂದು ನೀವು ಹೇಳಿದ್ದು ಇನ್ನೂ ನೆನಪಿದೆ.

ಇನ್ನೊಂದು ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೆಳಗಾವಿ ಕ್ಯಾಂಪಿನ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ. 1944ರ ಜುಲೈ 10, ಇಟಲಿ. ಅವರ ಸೆಕ್ಷನ್ನಿನಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ಸತ್ತೋ ಗಾಯಗೊಂಡೋ ಬಿದ್ದಿದ್ದರು. ಒಬ್ಬರೇ ಮಷೀನ್‌ಗನ್ ಗುಂಡಿಯ ಮೇಲೆ ನುಗ್ಗಿ ಗ್ರೆನೇಡ್ ಎಸೆದರು, ಟಾಮಿ ಗನ್ ಎಂಬ ಕಿರು ಮಷೀನ್‌ಗನ್‌ನಿಂದ ಒಬ್ಬನನ್ನು ಹೊಡೆದರು. ಇನ್ನೂ ಇಬ್ಬರು ಉಳಿದಿದ್ದರು. ಮ್ಯಾಗಜೀನ್ ಬದಲಿಸಲು ಸಮಯ ಇರಲಿಲ್ಲ. ಬಂದೂಕನ್ನು ನಳಿಕೆ ಹಿಡಿದು ತಿರುಗಿಸಿ ಬಡಿದೇ ಅವರಿಬ್ಬರನ್ನು ಮುಗಿಸಿದರು, ಆಮೇಲೆ ಗುಂಡೇಟಿಗೆ ಬಲಿಯಾದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ಟಾಮಿ ಗನ್ನಿನ ಗುಂಡು ದಪ್ಪದ್ದು, .45 ಇಂಚು, ಹನ್ನೊಂದು ಮಿ.ಮೀ.ಗೂ ಜಾಸ್ತಿ. ಆ ಹೊತ್ತಿಗೆ ಅವರಿಗೆ ಬೇಕಾಗಿದ್ದು ಅದಕ್ಕಿಂತ ದಪ್ಪದ ಗುಂಡಲ್ಲ ಮಾಮಾ, ಮ್ಯಾಗಜೀನಿನಲ್ಲಿ ಇನ್ನೂ ಎರಡು ಗುಂಡು.